ಮರ್ಗಟ್ರಾಯ್ಡರ ಮಫಿನ್

ಸ್ಕಾರ್‌ಬಿ ಎಂಬ ಯಾರ್ಕ್‌ಷೈರಿನ ಊರಿನ ಕಾಲುದಾರಿಗಳಲ್ಲಿ ಯಾರೂ ಎಡವಿ ಬೀಳಬಾರದೆಂದು ಆಯುಷ್ಯ ಸವೆಸಿದ ಮಹಾನುಭಾವ ಸಿರಿಲ್ ಮರ್ಗಟ್ರಾಯ್ಡ್. ಪುರಸಭೆಯ ಹಾಸುಗಲ್ಲುಗಳ ಇನ್ಸ್‌ಪೆಕ್ಟರ್. ಒಂದು ಕಲ್ಲು ಪಕ್ಕದ ಕಲ್ಲಿಗಿಂತ ಹೆಬ್ಬೆರಳಿನಷ್ಟು ತಲೆಯೆತ್ತಿದರೆ ಸಾಕು, ಅದರ ಸುತ್ತ ಹಳದಿ ಬಣ್ಣದ ಬಳೆ ತೊಡಿಸಿ ಮೇಲಿನವರಿಗೆ ಚಾಡಿ ಹೇಳುತ್ತಿದ್ದ. ಊರಿನ ಕಲ್ಲುಗಳೆಲ್ಲ ಅವನಿಗೆ ಹೆದರಿ ತಗ್ಗಿ ಬಗ್ಗಿ ಬಾಳಿದವು, ಒಂದನ್ನು ಬಿಟ್ಟು. ಅದು ಅವನ ಸ್ವಂತ ಹಿತ್ತಲಿನಲ್ಲಿತ್ತು. ಅಡುಗೆಮನೆಯ ಬಾಗಿಲಿನಿಂದ ಬಟ್ಟೆ ಒಣಗಿಸುವ ಹಗ್ಗದ ಕಡೆಗೆ ಹೋಗುವ ದಾರಿಯಲ್ಲಿ, ಅವನ ಹೆಂಡತಿ ಮೇವಿಸ್ ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ಹೋಗುವಾಗಲೆಲ್ಲ 'ಟಕ್ ಟಕ್' ಎಂದು ಅಲುಗಿ ಅವಳ ಮೊಣಕಾಲಿಗೆ ಜೋಲಿ ಹೊಡೆಸುತ್ತಿತ್ತು.

"ಅದೊಂದು ಕಲ್ಲು ಸರಿ ಮಾಡಬಾರದಾ ಸಿರಿಲ್?"

"ಅದು ಖಾಸಗಿ ಜಾಗ ಕಣೇ. ಪುರಸಭೆ ವ್ಯಾಪ್ತಿಗೆ ಬರಲ್ಲ."

ನಿವೃತ್ತನಾದ ಮೇಲೂ ಇದೇ ಉತ್ತರ. ಸಿರಿಲ್ ಎಂಬ ಹೆಸರನ್ನು ಬಿಡಿಸಿ ನೋಡಿದರೆ 'ಸಿರಿ'ಯೂ ಇದೆ, 'ಇಲ್ಲ' ಎನ್ನುವುದರ ಅರ್ಧವೂ ಇದೆ. ಬದುಕು ಆ ಅರ್ಧವನ್ನೇ ಪೂರ್ತಿ ಮಾಡಿಕೊಟ್ಟಿತ್ತು.

ಸಿರಿಯೇನಾದರೂ ಆ ಮನೆಯಲ್ಲಿ ಇದ್ದರೆ ಅದು ಮೇವಿಸಳ ಕಾವಲಿಯಲ್ಲಿ. ಪ್ರತಿ ಈಸ್ಟರ್ ಭಾನುವಾರ ಸ್ಕಾರ್‌ಬಿಯ ಭಕ್ತಾದಿಗಳು ಸೂರ್ಯ ಹುಟ್ಟುವ ಮುಂಚೆ ಬೋಳುಗುಡ್ಡ ಹತ್ತಿ, ಚಳಿಗಾಳಿಗೆ ಮೂಗು ಕೆಂಪಗೆ ಮಾಡಿಕೊಂಡು, ಯೇಸು ಎದ್ದನೆಂದು ಹಾಡಿ, ಇಳಿದು ಬಂದು ಚರ್ಚಿನ ಸಭಾಂಗಣದಲ್ಲಿ ಕೂತು ತಿನ್ನುತ್ತಿದ್ದದ್ದು ಮೇವಿಸ್ ಮರ್ಗಟ್ರಾಯ್ಡಳ ಮಫಿನ್. ಆ ಮಫಿನ್ನಿಗೆ ಸೊಂಟವಿತ್ತು. ರವೆ ಉದುರಿಸಿದ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಎರಡೂ ಮುಖ ಹೊಂಬಣ್ಣಕ್ಕೆ ಬೆಂದು, ನಡುವೆ ಮಾತ್ರ ಬಿಸಿ ತಾಗದ ಬಿಳಿ ಪಟ್ಟಿ. ಆ ಸೊಂಟದ ಸುತ್ತ ಮುಳ್ಳುಚಮಚದಿಂದ ಚುಚ್ಚಿ ಎರಡು ಕೈಯಲ್ಲಿ ಬಿಡಿಸಬೇಕು. ಬಿಡಿಸಿದರೆ ಒಳಗೆ ಜೇನುಗೂಡಿನಂಥ ತೂತುಗಳು. ಬೆಣ್ಣೆ ಅದರೊಳಗೆ ಇಳಿದು ಮನೆ ಮಾಡುತ್ತಿತ್ತು. ಮಫಿನ್ನಿಗೆ ಚಾಕು ಹಾಕುವವನಿಗೆ ಸ್ಕಾರ್‌ಬಿಯಲ್ಲಿ ಹೆಣ್ಣು ಕೊಡುತ್ತಿರಲಿಲ್ಲ.

ಮೇವಿಸಳಿಗೆ ಇದಕ್ಕೆ ಸಿಗುತ್ತಿದ್ದ ಕೂಲಿ ಎಂದರೆ ಮಾತು. ಈಸ್ಟರ್ ಮಧ್ಯಾಹ್ನ ಬಿಸಿನೀರಿನ ಬೋಗುಣಿಯಲ್ಲಿ ಕಾಲಿಟ್ಟುಕೊಂಡು ಕೂತು, ಯಾರು ಯಾರು ಏನು ಹೊಗಳಿದರೆಂದು ಅವರವರ ದನಿಯಲ್ಲೇ ಅಣಕಿಸಿ ತೋರಿಸುತ್ತಿದ್ದಳು. ವರ್ಷವಿಡೀ ಬಾಯಿ ಬಿಡದವಳು ಅವತ್ತೊಂದು ದಿನ ನಾಟಕ ಕಂಪನಿ. ಪಾದ್ರಿ ಥ್ವೇಟ್ ಮೂಗಿನಲ್ಲಿ ಪ್ರವಚನ ಎಳೆಯುವ ಹಾಗೆ, "ಮೋ-ಓ-ಡ ಮೇವಿಸ್! ಅಪ್ಪಟ ಮೋ-ಓ-ಡ ತಿಂದ ಹಾಗಾಯಿತು!" ಹಲ್ಲಿಲ್ಲದ ಮುದುಕಿ ಮಿಸೆಸ್ ಪಿಲ್ಲಿಂಗ್‌ಳ ಹಾಗೆ ತುಟಿ ಒಳಗೆಳೆದು, "ಇದನ್ನ ತಿಂದು ಶತ್ತರೂ ಚಿಂತೆಯಿಲ್ಲ ತಾಯೀ." ಪಕ್ಕದ ಮನೆಯ ಡೋರೀನ್ ಕ್ಲೆಗ್, ಹಾಲಿನವನಿಂದ ಹಿಡಿದು ನ್ಯಾಯಾಧೀಶರವರೆಗೆ ಎಲ್ಲರನ್ನೂ ಚಿನ್ನಾ ಎನ್ನುವವಳು, "ಎರಡು ಕಟ್ಟಿಕೊಡು ಚಿನ್ನಾ, ಮನೆಗೆ ಒಯ್ತೀನಿ." ಮೇವಿಸಳ ತಮ್ಮ ಅರ್ನಲ್ಡ್, ಬೆಲ್ಟ್ ಸಡಿಲಿಸುತ್ತಾ, "ಇನ್ನೊಂದು ತಿಂತಿದ್ದೆ ಅಕ್ಕಾ, ಆದ್ರೆ ಒಳಗೆ ಜಾಗ ಎಲ್ಲಿದೆ?" ಇದಕ್ಕೆಲ್ಲ ಅವಳು ಸಭೆಯಲ್ಲಿ ಕೊಡುತ್ತಿದ್ದ ಉತ್ತರ ಮಾತ್ರ ಒಂದೇ: "ಅಯ್ಯೋ ಬಿಡಿ, ಈ ಸಲ ಸ್ವಲ್ಪ ಗಟ್ಟಿಯಾಗಿಬಿಟ್ಟಿವೆ." ಗಟ್ಟಿಯಾಗಿರಲಿಲ್ಲ. ಆದರೆ ಹೊಗಳಿದಾಗ ಹಾಗೆನ್ನದ ಹೆಂಗಸನ್ನು ಸ್ಕಾರ್‌ಬಿ ಅಹಂಕಾರಿ ಎನ್ನುತ್ತಿತ್ತು.

"ನಿನಗೆ ಹೇಗಿತ್ತು?" ಎಂದು ಕೊನೆಗೆ ಗಂಡನನ್ನು ಕೇಳುತ್ತಿದ್ದಳು.

"ಪರವಾಗಿಲ್ಲ," ಎನ್ನುತ್ತಿದ್ದ ಸಿರಿಲ್.

ಯಾರ್ಕ್‌ಷೈರಿನ ಗಂಡಸಿನ ನಿಘಂಟಿನಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ. ಮಗಳ ಮದುವೆ ಹೇಗಾಯಿತು? ಪರವಾಗಿಲ್ಲ. ಹೊಟ್ಟೆ ಕೊಯ್ದರಂತಲ್ಲ? ಪರವಾಗಿಲ್ಲ. ಮೇವಿಸ್ ಅದನ್ನು ಮೆಡಲಿನ ಹಾಗೆ ತೆಗೆದಿಟ್ಟುಕೊಳ್ಳುತ್ತಿದ್ದಳು.

ಈ ಶಾಂತಿಯುತ ವ್ಯವಸ್ಥೆಗೆ ಕಲ್ಲು ಬಿದ್ದದ್ದು ಪಬ್ಬಿನಲ್ಲಿ. ಅರ್ನಲ್ಡ್ ಹೊಸದಾಗಿ ಬ್ರೆಡ್ ಮಾಡುವ ಯಂತ್ರ ಕೊಂಡಿದ್ದ. ಕೊಂಡ ದಿನದಿಂದ ಅವನಿಗೆ ಬೇರೆ ವಿಷಯವೇ ಇರಲಿಲ್ಲ.

"ಹಿಟ್ಟು ಹಾಕು, ಗುಂಡಿ ಒತ್ತು, ಹೋಗಿ ಮಲಕ್ಕೋ. ಬೆಳಿಗ್ಗೆ ಬ್ರೆಡ್ಡೇ ಬಂದು ಎಬ್ಬಿಸುತ್ತೆ," ಎಂದ ಬಿಯರಿನ ನೊರೆ ಒರೆಸಿಕೊಂಡು. "ಈಗಿನ ಕಾಲದ ಗಂಡಸರು ಅಂದ್ರೆ ಹೀಗಿರಬೇಕು. ನೀನು ಜನ್ಮದಲ್ಲಿ ಏನಾದ್ರೂ ಬೇಯಿಸಿದೀಯಾ ಭಾವ? ನೀರು ಕಾಯಿಸೋಕೂ ನಮ್ಮಕ್ಕನ್ನ ಕೂಗ್ತೀಯಂತೆ."

ಸುತ್ತಲಿದ್ದವರು ನಕ್ಕರು. ನಕ್ಕದ್ದಕ್ಕೆ ಸಿರಿಲ್‌ಗೆ ಬೇಸರವಿರಲಿಲ್ಲ. ಪಬ್ಬಿನ ಯಜಮಾನನ ನಾಯಿಯೂ ಬಾಲ ಅಲ್ಲಾಡಿಸಿದ್ದು ಮಾತ್ರ ತಡೆಯಲಾಗಲಿಲ್ಲ.

"ಈಸ್ಟರ್ ಮಫಿನ್ ಯಾರು ಮಾಡೋದು ಅಂದ್ಕೊಂಡೆ?" ಎಂದ.

"ನಮ್ಮಕ್ಕ."

"ಹಿಟ್ಟು ಅಳೆಯೋದು ಅವಳೇ, ಒಪ್ಪಿದೆ. ಬಡಿಸೋದೂ ಅವಳೇ, ಒಪ್ಪಿದೆ. ಆದ್ರೆ ಕಾವಲಿ ಮುಂದೆ ನಿಲ್ಲೋನು ಯಾರು?" ಸಿರಿಲ್ ತನ್ನ ಎದೆಗೆ ತಾನೇ ಬಡಿದುಕೊಂಡ. ಕಾವಲಿಗೂ ಅವನಿಗೂ ಇದ್ದ ಸಂಬಂಧವೆಂದರೆ, ಅದನ್ನು ನೇತುಹಾಕುವ ಮೊಳೆಯನ್ನು ಗೋಡೆಗೆ ಹೊಡೆದವನು ಅವನು. "ಕಾವಲಿ ನಂದು ಕಣಯ್ಯಾ. ಇದ್ದದ್ದೆಲ್ಲ ಅದರಲ್ಲೇ ಇರೋದು."

ಅರ್ನಲ್ಡನ ಬಾಯಿ ಬ್ರೆಡ್ ಯಂತ್ರದ ಮುಚ್ಚಳದಂತೆ ತೆರೆದುಕೊಂಡಿತು. "ಹಂಗಾದ್ರೆ ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ?"

ಇಲ್ಲಿ ನಿಲ್ಲಿಸಿದ್ದರೆ ಸಿರಿಲ್ ಬದುಕಿಕೊಳ್ಳುತ್ತಿದ್ದ. ಸುಳ್ಳಿನ ಸ್ವಭಾವವೇನೆಂದರೆ, ಒಬ್ಬಂಟಿಯಾಗಿ ಮನೆಯಿಂದ ಹೊರಡುವುದಿಲ್ಲ. ಜೊತೆಗೊಂದು ಔದಾರ್ಯವನ್ನು ಕರೆದುಕೊಂಡೇ ಬರುತ್ತದೆ. "ಹೆಂಗಸರಿಗೂ ಒಂದು ಹೆಸರು ಅಂತ ಇರಲಿ ಬಿಡು ಅಂತ ಸುಮ್ಮನಿದ್ದೆ," ಎಂದ.

ಹಿಂದಿನ ಮೇಜಿನಲ್ಲಿ ಡೋರೀನ್ ಕ್ಲೆಗ್ ಕೂತಿದ್ದಳು. ಅವಳು ಅರ್ಧ ಲೋಟ ಜಿನ್ ಬಿಟ್ಟು ಎದ್ದದ್ದು ಅದೇ ಮೊದಲು.

ಸಿರಿಲ್ ಮನೆಗೆ ಬಂದಾಗ ಮೇವಿಸ್ ಕ್ಯಾರೆಟ್ ಹೆರೆಯುತ್ತಿದ್ದಳು. ಕ್ಯಾರೆಟ್ಟಿನಲ್ಲಿ ಹೆರೆಯಲು ಏನೂ ಉಳಿದಿರಲಿಲ್ಲ. ಆದರೂ ಹೆರೆಯುತ್ತಿದ್ದಳು.

"ಹೆಂಗಸರಿಗೂ ಒಂದು ಹೆಸರು ಇರಲಿ ಅಂದೆಯಂತೆ."

"ಯಾರು ಹೇಳಿದ್ರು?"

"ಹೆಂಗಸರು."

"ತಮಾಷೆಗಂದೆ ಕಣೇ."

"ಯಾರೂ ನಗಲಿಲ್ಲವಂತೆ." ಮೇವಿಸ್ ತನ್ನ ಏಪ್ರನ್ ಬಿಚ್ಚಿದಳು, ಮಾಲೆ ಹಾಕುವಂತೆ ಅವನ ಕೊರಳಿಗೆ ಹಾಕಿದಳು, ಹಿಂದೆ ಬಿಗಿಯಾಗಿ ಗಂಟು ಕಟ್ಟಿದಳು. ಕೂಗಾಡಲಿಲ್ಲ. ಅವಳ ಮುಖದಲ್ಲಿದ್ದದ್ದು ಸಿಟ್ಟೇ ಆಗಿದ್ದರೆ ಸಿರಿಲ್‌ಗೆ ಅದನ್ನು ನಿಭಾಯಿಸಿ ಅಭ್ಯಾಸವಿತ್ತು, ಹಿತ್ತಲಿನ ಶೆಡ್ಡಿಗೆ ಹೋಗಿ ಕೂರುತ್ತಿದ್ದ. ಆದರೆ ಅಲ್ಲಿದ್ದದ್ದು ಆಸೆ.

"ಈ ಈಸ್ಟರ್‌ಗೆ ನೀನೇ ಮಾಡು. ಒಂದು ಸಲ ತಿನ್ನಲಿ ಅವರು. ತಿಂದ ಮೇಲಾದ್ರೂ ಗೊತ್ತಾಗುತ್ತಲ್ಲ, ಇಷ್ಟು ವರ್ಷ ನಾನೇನು ಮಾಡಿದೆ ಅಂತ."

ಸಿರಿಲ್ ಮರುದಿನವೇ ಈ ಆಪತ್ತಿನಿಂದ ನುಣುಚಿಕೊಳ್ಳಲು ನೋಡಿದ. ಅಷ್ಟರಲ್ಲಿ ಪಾದ್ರಿ ಥ್ವೇಟ್ ಸೈಕಲ್ಲಿನ ಗಂಟೆ ಬಾರಿಸುತ್ತಾ ಬಾಗಿಲಿಗೇ ಬಂದರು. ಅವರು 'ಕ್ಷಮಿಸಿ' ಎಂದು ಆರಂಭಿಸಿ 'ಕ್ಷಮಿಸಿ' ಎಂದು ಮುಗಿಸುವ, ನಡುವೆ ಯಾರ ಮಾತನ್ನೂ ಕೇಳಿಸಿಕೊಳ್ಳದ ಮೃದು ಸ್ವಭಾವದವರು.

"ಕ್ಷಮಿಸಿ, ವಿಷಯ ತಿಳಿಯಿತು ಸಿರಿಲ್! ಎಡಗೈಗೆ ಗೊತ್ತಾಗದಂತೆ ಬಲಗೈ ಕೊಡಬೇಕು ಅಂತಾರೆ. ಇಷ್ಟು ವರ್ಷ ಗೊತ್ತಾಗದ ಹಾಗೆ ಕೊಟ್ಟವರು ನೀ-ಈ-ವು!"

"ಪಾದ್ರಿಗಳೇ, ನಿಜ ಹೇಳ್ತೀನಿ, ನನಗೆ ಮಫಿನ್ ಮಾಡೋಕೆ ಬರಲ್ಲ."

"ನೋಡಿದಿರಾ ವಿನಯ!" ಎಂದು ಪಾದ್ರಿ, ಅಲ್ಲಿ ಬೇರೆ ಯಾರೂ ಇಲ್ಲದ ಕಾರಣ, ಬಾಗಿಲ ಬಳಿಯ ಛತ್ರಿಗೆ ಹೇಳಿದರು.

"ವಿನಯ ಅಲ್ಲ ಸ್ವಾಮಿ. ನಾನು ಕಾವಲಿ ಮುಟ್ಟಿದವನೇ ಅಲ್ಲ. ಅದೆಲ್ಲಾ ಮೇವಿಸ್ದು."

"ಹೆಂಡತಿಗೆ ಬಿಟ್ಟುಕೊಡುವ ಈ ಗುಣ ಇದೆಯಲ್ಲಾ!" ಪಾದ್ರಿಗಳ ಕಣ್ಣಲ್ಲಿ ನೀರಾಡಿತು. "ಭಾನುವಾರ ಪೀಠದಿಂದಲೇ ಹೇಳಿಬಿಡ್ತೀನಿ. ಕ್ಷಮಿಸಿ!"

ಹೇಳಿಯೂ ಬಿಟ್ಟರು. ಆಮೇಲೆ ಬೀದಿಯಲ್ಲಿ ಟೋಪಿ ಎತ್ತುವವರೆಷ್ಟು, ಕೈ ಕುಲುಕುವವರೆಷ್ಟು! ಸಿರಿಲ್ 'ನಾನಲ್ಲ' ಎಂದಷ್ಟೂ ಅವನ ಕೀರ್ತಿ ಉಬ್ಬಿತು. ಮುಂದೆ ಹಿಟ್ಟು ಉಬ್ಬಬೇಕಾದಾಗ ಮಾತ್ರ ಉಬ್ಬಲಿಲ್ಲ. ಉಬ್ಬಬೇಕಾದ್ದೆಲ್ಲ ಮೊದಲೇ ಖರ್ಚಾಗಿತ್ತೋ ಏನೋ.

ಈಸ್ಟರ್ ಮುನ್ನಾದಿನ ಶನಿವಾರ ಬೆಳಿಗ್ಗೆ ಸಿರಿಲ್ ಏಪ್ರನ್ ತೊಟ್ಟು, ಹಳೆಯ ಪುರಸಭೆಯ ಅಳತೆಪಟ್ಟಿಯನ್ನು ಜೇಬಿಗಿಳಿಸಿ ಅಡುಗೆಮನೆಗೆ ಇಳಿದ. ಮೇವಿಸ್ ಪಕ್ಕದ ಕೋಣೆಯಲ್ಲಿ ಹೆಣಿಗೆ ಹಿಡಿದು ಕೂತಳು. ಬಾಗಿಲು ತೆರೆದೇ ಇತ್ತು. ಹಿಟ್ಟು, ಉಪ್ಪು, ಬೆಣ್ಣೆ, ಯೀಸ್ಟು, ಹಾಲು ಎಲ್ಲ ಕಲಸಿದ. ಕೈಗೆ ಅಂಟಿದ ಹಿಟ್ಟನ್ನು ಬಿಡಿಸಲು ಇನ್ನಷ್ಟು ಹಿಟ್ಟು ಹಾಕಿದ. ಅದು ಅಂಟುವುದು ಬಿಟ್ಟಿತು, ಮೆತ್ತಗಿರುವುದನ್ನೂ ಬಿಟ್ಟಿತು. ಅದನ್ನು ಬೋಗುಣಿಯಲ್ಲಿಟ್ಟು, ಒದ್ದೆ ಬಟ್ಟೆ ಮುಚ್ಚಿ, ಮಹಡಿಯಲ್ಲಿ ಬಿಸಿನೀರಿನ ಹಂಡೆ ಇರುವ ಬಟ್ಟೆ ಬೀರುವಿನೊಳಗೆ, ಬೆಚ್ಚಗೆ, ತನ್ನ ಚಳಿಗಾಲದ ಚಡ್ಡಿಗಳ ನಡುವೆ ಮಲಗಿಸಿ ಬಂದ.

ಮಧ್ಯಾಹ್ನ ಹೋಗಿ ನೋಡಿದ. ಮಲಗಿಯೇ ಇತ್ತು.

ಮೇಲೆ ಒಂದು ಕಂಬಳಿ ಹೊದಿಸಿದ. ಚಹಾ ಹೊತ್ತಿಗೆ ಮತ್ತೆ ನೋಡಿದ. ಅಳತೆಪಟ್ಟಿ ಇಟ್ಟು ಪರೀಕ್ಷಿಸಿದ. ಒಂದು ಕೂದಲೆಳೆಯಷ್ಟೂ ಮೇಲೆದ್ದಿರಲಿಲ್ಲ. ಪುರಸಭೆಯ ನಿಯಮದ ಪ್ರಕಾರ ಅದು ಅತ್ಯಂತ ಸುರಕ್ಷಿತವಾದ ಹಿಟ್ಟು.

ಪಕ್ಕದ ಕೋಣೆಯ ಬಾಗಿಲಿಗೆ ಬಂದು ನಿಂತ. "ಮೇವಿಸ್, ಏಳ್ತಾ ಇಲ್ಲ."

"ಹಾಲು ಎಷ್ಟು ಬೆಚ್ಚಗಿತ್ತು?" ಎಂದಳು, ಹೆಣಿಗೆಯಿಂದ ತಲೆಯೆತ್ತದೆ.

"ಬೆಚ್ಚಗಾ? ಕೊತಕೊತ ಕುದಿಸಿದ್ದೆ. ಊರವರೆಲ್ಲ ತಿನ್ನೋದು, ಕ್ರಿಮಿಗಿಮಿ ಇದ್ರೆ ಸಾಯಲಿ ಅಂತ."

"ಸತ್ತವು," ಎಂದಳು ಮೇವಿಸ್.

ಯೀಸ್ಟಿನ ಉತ್ತರಕ್ರಿಯೆ ಮಾಡುತ್ತಾ ಕೂರಲು ಸಮಯವಿರಲಿಲ್ಲ. ಬೆಳಗಾದರೆ ಈಸ್ಟರ್ ಭಾನುವಾರ, ಅಂಗಡಿಗಳೆಲ್ಲ ಬಂದ್. ಸಿರಿಲ್ ಕೋಟಿನ ಕಾಲರ್ ಎತ್ತಿ ಕಳ್ಳನ ಹಾಗೆ ಪೇಟೆಯ ದೊಡ್ಡ ಅಂಗಡಿಗೆ ನುಗ್ಗಿದ. ಮಫಿನ್ನುಗಳ ಕಪಾಟಿನ ಮುಂದೆ ನಿಂತು, ಪ್ಯಾಕೆಟ್ಟುಗಳಿಗೆ ಇನ್ನೇನು ಕೈ ಹಾಕಬೇಕು, ಹಿಂದಿನಿಂದ ಅಂಗಡಿಯೆಲ್ಲ ಕೇಳುವ ದನಿ ಬಂತು.

"ಚಿನ್ನಾ! ನೀನಿಲ್ಲಿ?"

ಡೋರೀನ್. ಕೈಯಲ್ಲಿ ಈರುಳ್ಳಿಯ ಚೀಲ. ಅವಳ ಕಣ್ಣು ಅವನ ಮುಖದಿಂದ ಅವನ ಕೈಗೆ, ಕೈಯಿಂದ ಕಪಾಟಿಗೆ ಇಳಿಯಿತು.

"ಅಂಗಡಿ ಮಫಿನ್ ನೋಡ್ತಿದ್ದೀಯಲ್ಲ!"

"ನೋಡೋಕೇ ಬಂದೆ," ಎಂದ ಸಿರಿಲ್. "ಎಷ್ಟು ಕೆಟ್ಟದಾಗಿ ಮಾಡ್ತಾರೆ ಅಂತ."

"ಕೇಳಿದ್ರಾ!" ಡೋರೀನ್ ಹಣ ಕಟ್ಟಲು ನಿಂತ ಸಾಲಿನ ಕಡೆ ತಿರುಗಿದಳು. "ಕೈಗುಣ ಇರೋರಿಗೆ ಇದನ್ನೆಲ್ಲ ನೋಡಿದ್ರೆ ಹೊಟ್ಟೆ ಉರಿಯುತ್ತೆ! ಏನು ಬೇಕಿತ್ತು ಚಿನ್ನಾ?"

"ಬಲ್ಬು."

ಬಲ್ಬು ತೆಗೆದುಕೊಂಡು ಮನೆಗೆ ಬಂದ. ಎಲ್ಲ ದೀಪಗಳೂ ಉರಿಯುತ್ತಲೇ ಇದ್ದವು. ಇನ್ನೊಂದು ಸಲ ಹಿಟ್ಟು ಕಲಸೋಣವೆಂದರೆ ಯೀಸ್ಟಿನ ಡಬ್ಬಿ ಖಾಲಿ. ಹೊಸದು ತರಲು ಅದೇ ಅಂಗಡಿಗೆ ಹೋಗಬೇಕು; ಡೋರೀನ್ ಇನ್ನೂ ಅಲ್ಲೇ ಉಪನ್ಯಾಸ ಮಾಡುತ್ತಿರುತ್ತಾಳೆ.

ಮರುದಿನ ಬೆಳಗಿನ ಜಾವ ಸಿರಿಲ್ ಸತ್ತ ಹಿಟ್ಟನ್ನು ಲಟ್ಟಿಸಿ, ಲೋಟದ ಬಾಯಿಂದ ಬಿಲ್ಲೆ ಬಿಲ್ಲೆ ಕತ್ತರಿಸಿ, ರವೆ ಉದುರಿಸಿ, ಕಾವಲಿಗೆ ಹಾಕಿದ. ಸಣ್ಣ ಉರಿಗೆ ಅವು ಏಳಲಿಲ್ಲ. ದೊಡ್ಡ ಉರಿ ಕೊಟ್ಟರೆ ಎದ್ದಾವೆಂದು ಕೊಟ್ಟ. ಹೊಗೆ ಎದ್ದಿತು. ಮೇಲೆ ಮಸಿ, ಒಳಗೆ ಹಸಿ. ಹಸಿ ಹೋಗಲೆಂದು ಓವನ್ನಿನೊಳಗೆ ನೂಕಿದ. ಹಸಿಯೂ ಹೋಯಿತು, ಅದರ ಜೊತೆ ಎಲ್ಲವೂ ಹೋಗಿ ಬರೀ ಗಟ್ಟಿತನ ಉಳಿಯಿತು. ತಟ್ಟೆಗೆ ಹಾಕಿದರೆ ಟಣ್ ಎಂದಿತು. ಸೊಂಟ ಎಲ್ಲೂ ಕಾಣಲಿಲ್ಲ. ಹೆಸರು ಮರ್ಗಟ್ರಾಯ್ಡ್, ಮಫಿನ್ ಅಕ್ಷರಶಃ ಮರಗಟ್ಟಿತ್ತು.

ಮೇವಿಸ್ ಹೊಸ ಟೋಪಿ ಹಾಕಿಕೊಂಡು ಮೆಟ್ಟಿಲಿಳಿದು ಬಂದಳು. ತಟ್ಟೆ ನೋಡಿದಳು. ಒಂದು ಬಿಲ್ಲೆಯನ್ನು ಉಗುರಿನಿಂದ ತಟ್ಟಿದಳು. ಗುಡ್ಡದ ಮೇಲೆ ಆ ಬೆಳಿಗ್ಗೆ, ಗಾಳಿಗೆ ಎಲ್ಲರ ದನಿ ಹರಿದು ಚೆಲ್ಲಾಡಿದಾಗ, ಮೇವಿಸಳ ಹಾಡು ಮಾತ್ರ ಎಲ್ಲರಿಗಿಂತ ಮೇಲೆ ಕೇಳಿತು. ಯಾರೋ ಎದ್ದನೆಂದು ಅಷ್ಟು ಸಂತೋಷದಿಂದ ಅವಳು ಹಾಡಿದ್ದನ್ನು ಸಿರಿಲ್ ಎಂದೂ ಕೇಳಿರಲಿಲ್ಲ.

ಸಭಾಂಗಣದಲ್ಲಿ ಅವಳು ಚಹಾದ ದೊಡ್ಡ ಹಂಡೆಯ ಹಿಂದೆ ಜಾಗ ಹಿಡಿದಳು. ಅಲ್ಲಿಂದ ಪ್ರತಿಯೊಬ್ಬರ ಬಾಯಿಯೂ ಕಾಣುತ್ತಿತ್ತು. ಮುಳ್ಳುಚಮಚಗಳನ್ನು ತಾನೇ ಒರೆಸಿ ಒಬ್ಬೊಬ್ಬರ ಮುಂದೆ ಇಟ್ಟಳು. ಸಿರಿಲ್ ತಟ್ಟೆ ಹಿಡಿದು, ಗಲ್ಲಿಗೆ ಹೊರಟವನು ತಾನೇ ಹಗ್ಗ ಹಂಚುವ ಹಾಗೆ, ಬಡಿಸುತ್ತಾ ಬಂದ.

ಪಾದ್ರಿಗಳು ಪ್ರಾರ್ಥನೆ ಹೇಳಿದರು. ಎಲ್ಲರೂ ಚುಚ್ಚಿದರು.

ಚುಚ್ಚಿಕೊಳ್ಳಲಿಲ್ಲ. ಪಾದ್ರಿಗಳ ಮುಳ್ಳುಚಮಚದ ಒಂದು ಹಲ್ಲು ಬಾಗಿತು. ಡೋರೀನಳ ಮಫಿನ್ ಚಮಚದಡಿಯಿಂದ ಚಿಮ್ಮಿ ಬೆಣ್ಣೆ ಬಟ್ಟಲಿಗೆ ಬಡಿದು ವಾಪಸ್ಸು ಬಂತು. ಅರ್ನಲ್ಡ್ ಮೇಜಿನಡಿ ಕೈ ಇಳಿಸಿ ಜೇಬಿನ ಚಾಕು ತೆಗೆದ. ಆ ಚಾಕು ಅಲ್ಲಿ ಕೊರೆಯುವ ಸದ್ದು ಬಡಗಿಯ ಅಂಗಡಿಯಿಂದ ಬಂದಂತಿತ್ತು. ಮಿಸೆಸ್ ಪಿಲ್ಲಿಂಗ್ ತನ್ನದನ್ನು ಚಹಾದಲ್ಲಿ ಮುಳುಗಿಸಿದಳು. ಅದು ತಳಕ್ಕೆ ಹೋಗಿ ಕೂತಿತು. ಅವಳು ಕಾದಳು.

ಆಮೇಲೆ ಅಗಿಯುವ ಸದ್ದು. ಜಲ್ಲಿಕಲ್ಲಿನ ದಾರಿಯಲ್ಲಿ ಶವಯಾತ್ರೆ ನಡೆದ ಹಾಗೆ ಸಭಾಂಗಣದ ತುಂಬ ಆ ಸದ್ದು.

ಮೇವಿಸ್ ಹಂಡೆಯ ಹಿಂದಿನಿಂದ ಅರ್ಧ ಹೆಜ್ಜೆ ಮುಂದೆ ಬಂದಳು. ಕೈಯಲ್ಲಿ ಚಹಾ ಬಟ್ಟಲು, ತುಟಿಯಲ್ಲಿ ಸಣ್ಣ ನಗು. ಈಗ ಯಾರಾದರೂ ಒಬ್ಬರು ಮುಖ ಹಿಂಡಬೇಕು, ಒಬ್ಬರಾದರೂ 'ಮೇವಿಸ್, ನಿನ್ನದು ಹೀಗಿರಲಿಲ್ಲವಲ್ಲ' ಎನ್ನಬೇಕು. ಅಷ್ಟೇ ಅವಳಿಗೆ ಬೇಕಿದ್ದದ್ದು.

ಆದರೆ ಬಡಿಸಿದ್ದು ಚೆನ್ನಾಗಿಲ್ಲ ಎಂದು ಬಾಯಿಬಿಟ್ಟು ಹೇಳುವವರು ಸ್ಕಾರ್‌ಬಿಯಲ್ಲಿ ಸತ್ತಿದ್ದಾರೆ ಎಂದಲ್ಲ, ಹುಟ್ಟಿಯೇ ಇಲ್ಲ.

ಪಾದ್ರಿಗಳು ಕಣ್ಣಲ್ಲಿ ನೀರು ತುಂಬಿಕೊಂಡು ನುಂಗಿದರು. "ಮೋ-ಓ-ಡ!" ಎಂದರು. "ಸಿರಿಲ್, ಅಪ್ಪಟ ಮೋ-ಓ-ಡ ತಿಂದ ಹಾಗಾಯಿತು!"

ಮೇವಿಸಳ ನಗು ನಿಂತಲ್ಲೇ ನಿಂತಿತು.

"ಇದನ್ನ ತಿಂದು ಶತ್ತರೂ ಚಿಂತೆಯಿಲ್ಲ," ಎಂದಳು ಮಿಸೆಸ್ ಪಿಲ್ಲಿಂಗ್, ಬಟ್ಟಲಿನ ತಳವನ್ನು ನೋಡುತ್ತಾ. ಈ ಸಲ ಆ ಮಾತಿನಲ್ಲಿ ಸ್ವಲ್ಪ ಸಿದ್ಧತೆಯೂ ಕಾಣುತ್ತಿತ್ತು.

"ಇನ್ನೊಂದು ತಿಂತಿದ್ದೆ ಭಾವ," ಎಂದು ಅರ್ನಲ್ಡ್ ದವಡೆ ಹಿಡಿದುಕೊಂಡು ಬೆಲ್ಟ್ ಸಡಿಲಿಸಿದ, "ಆದ್ರೆ ಒಳಗೆ ಜಾಗ ಎಲ್ಲಿದೆ?"

"ಎರಡು ಕಟ್ಟಿಕೊಡು ಚಿನ್ನಾ, ಮನೆಗೆ ಒಯ್ತೀನಿ!"

ಅದೇ ಮಾತು, ಅದೇ ದನಿ, ಅದೇ ಎಳೆತ. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಸಿರಿಲ್ ತಟ್ಟೆ ಹಿಡಿದಲ್ಲೇ ಹೆಂಡತಿಯ ಮುಖ ನೋಡಿದ. ವರ್ಷ ವರ್ಷ ಜೋಡಿಸಿಟ್ಟ ಮೆಡಲುಗಳನ್ನು ಅಕ್ಕಸಾಲಿಗೆ ಕೊಟ್ಟಾಗ 'ಎಲ್ಲ ತಗಡು' ಎಂದುಬಿಟ್ಟರೆ ಮನುಷ್ಯನ ಮುಖ ಹೇಗಾಗಬಹುದೋ ಹಾಗಾಗಿತ್ತು. ಅವಳು ಚಹಾ ಬಟ್ಟಲನ್ನು ಕೆಳಗಿಟ್ಟಳು. ಬಟ್ಟಲು ತುಂಬಿಯೇ ಇತ್ತು, ಯಾರಿಗೆಂದು ತುಂಬಿಸಿದ್ದಳೋ ಮರೆತಂತಿತ್ತು.

ಪಾದ್ರಿಗಳು ಚಮಚದಿಂದ ಲೋಟ ತಟ್ಟಿ ಎದ್ದು ನಿಂತರು. "ಕ್ಷಮಿಸಿ, ಒಂದು ಮಾತು. ಇನ್ನು ಮುಂದೆ ನಮ್ಮ ಈಸ್ಟರ್ ಮಫಿನ್ನಿನ ಜವಾಬ್ದಾರಿ ಅಧಿಕೃತವಾಗಿ ಸಿರಿಲ್ ಅವರದ್ದು! ಹಾಗೇ ಇಷ್ಟು ವರ್ಷ ಬಡಿಸುವುದರಲ್ಲಿ ನೆರವಾದ ಮೇವಿಸ್‌ಗೂ ಒಂದು ಚಪ್ಪಾಳೆ."

ಚಪ್ಪಾಳೆ ಬಿತ್ತು. ಬಾಯಿ ತುಂಬಿದ್ದವರೆಲ್ಲ ಕೈಯಿಂದ ಜೋರಾಗಿ ಹೊಡೆದರು.

ಸಿರಿಲ್ ಮರ್ಗಟ್ರಾಯ್ಡ್ ಜೀವಮಾನದಲ್ಲಿ ಮಾಡಿದ ಒಂದೇ ಒಂದು ಸಾಹಸವನ್ನು ಆಗ ಮಾಡಿದ. ತಟ್ಟೆಯನ್ನು ಮೇಜಿನ ಮೇಲಿಟ್ಟ. "ಒಂದು ನಿಮಿಷ," ಎಂದ. "ಇವು ಚೆನ್ನಾಗಿಲ್ಲ."

ಅಗಿಯುವ ಸದ್ದು ನಿಂತಿತು.

"ಇವು ಕಲ್ಲು. ನಾನು ಕಲ್ಲಿನ ಇಲಾಖೆಯವನು, ನನಗೆ ಗೊತ್ತಿರೋದು ಅದೊಂದೇ. ನಾನು ಯಾವತ್ತೂ ಮಫಿನ್ ಮಾಡಿದವನಲ್ಲ. ಪಬ್ಬಲ್ಲಿ ಸುಳ್ಳು ಹೇಳಿದೆ. ನೀವು ಇಷ್ಟು ವರ್ಷ ತಿಂದದ್ದು ಮೇವಿಸ್ ಮಾಡಿದ್ದು. ಇದು ತಿನ್ನೋಕೆ ಯೋಗ್ಯ ಅಲ್ಲ."

ಮೇವಿಸ್ ತಲೆಯೆತ್ತಿದಳು. ಪಾದ್ರಿ ಥ್ವೇಟ್ ಎದೆಯ ಮೇಲೆ ಕೈಯಿಟ್ಟುಕೊಂಡರು.

"ನೋಡಿದಿರಾ," ಎಂದರು ಗದ್ಗದಿತರಾಗಿ, "ವಿನಯ ಅಂದರೆ ಇದು!"

ಸಭಾಂಗಣವೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಡೋರೀನ್ ಕಣ್ಣೊರೆಸಿಕೊಂಡಳು. "ಮೇವಿಸೂ ಹಿಂಗೇ ಅಂತಿದ್ದಳಲ್ಲ ಚಿನ್ನಾ, ಗಟ್ಟಿಯಾಗಿವೆ ಗಟ್ಟಿಯಾಗಿವೆ ಅಂತ. ಇಬ್ಬರೂ ಒಂದೇ ಗಾದಿಯ ಹತ್ತಿ. ಗಂಡ ಹೆಂಡತಿ ಅಂದ್ರೆ ಹೀಗಿರಬೇಕು!"

"ನಾನು ನಿಜ ಹೇಳ್ತಿದ್ದೀನಿ ಕಣ್ರೀ!" ಸಿರಿಲ್ ಕೂಗಿದ. ಕೂಗಿದಷ್ಟೂ ಚಪ್ಪಾಳೆ ಏರಿತು. ಆ ಊರಲ್ಲಿ ನಿಜಕ್ಕೂ ಮರ್ಯಾದೆಗೂ ಒಂದೇ ಅಂಗಿ ಹೊಲಿಸಿದ್ದರು. ತೊಟ್ಟು ಬಂದವರು ಯಾರೆಂದು ಹೇಳುವಂತಿರಲಿಲ್ಲ.

"ಯಾರಿಗಾದರೂ ಇನ್ನೂ ಚಹಾ ಬೇಕಾ?" ಎಂದಳು ಮೇವಿಸ್.

ಇಬ್ಬರೂ ಮನೆಯ ದಾರಿ ಹಿಡಿದರು. ಉಳಿದ ಮಫಿನ್ನುಗಳು ತಟ್ಟೆಯಲ್ಲಿ ಹೆಜ್ಜೆಹೆಜ್ಜೆಗೂ ತಾಳ ಹಾಕಿದವು. ಡೋರೀನ್ ಕಟ್ಟಿಸಿಕೊಂಡ ಎರಡು ಮಫಿನ್ನು ಅವಳ ಮನೆಯ ಬೇಲಿಯ ಈಚೆ, ದಾರಿಯ ಪಕ್ಕದ ಚರಂಡಿಯಲ್ಲಿ, ಕಾಗದದ ಕರವಸ್ತ್ರ ಸಮೇತ ಬಿದ್ದಿದ್ದವು. ಮೇವಿಸ್ ಒಂದು ಕ್ಷಣ ನಿಂತು ನೋಡಿದಳು. ಹೋದ ವರ್ಷ ತನ್ನವೂ ಹೀಗೇ ಕರವಸ್ತ್ರದಲ್ಲೇ ಹೋಗಿದ್ದವಲ್ಲ ಎಂದು ಅವಳು ಲೆಕ್ಕ ಹಾಕುತ್ತಿದ್ದದ್ದು ಸಿರಿಲ್‌ಗೂ ತಿಳಿಯಿತು.

"ನಿನ್ನದನ್ನ ಅವಳು ತಿಂದಿರ್ತಾಳೆ," ಎಂದ.

"ನೀನು ನೋಡಿದೆಯಾ?"

ನೋಡಿರಲಿಲ್ಲ.

ಮಧ್ಯಾಹ್ನ ಮೇವಿಸ್ ಎಂದಿನಂತೆ ಬಿಸಿನೀರಿನ ಬೋಗುಣಿಯಲ್ಲಿ ಕಾಲಿಟ್ಟುಕೊಂಡು ಕೂತಳು. ಟೋಪಿ ಇನ್ನೂ ತಲೆಯ ಮೇಲೇ ಇತ್ತು. ಒಮ್ಮೆಲೇ ಮೂಗಿನಲ್ಲಿ ಎಳೆದಳು: "ಮೋ-ಓ-ಡ ಸಿರಿಲ್! ಅಪ್ಪಟ ಮೋ-ಓ-ಡ!" ಆಮೇಲೆ ತುಟಿ ಒಳಗೆಳೆದು ಮಿಸೆಸ್ ಪಿಲ್ಲಿಂಗ್. ಆಮೇಲೆ ಅರ್ನಲ್ಡ್. ಆಮೇಲೆ ಡೋರೀನ್. ಅಣಕ ಎಂದಿಗಿಂತ ಸೊಗಸಾಗಿತ್ತು. ಸಿರಿಲ್‌ಗೆ ನಗು ಬರಲಿಲ್ಲ.

"ನಿನ್ನದು ನಿಜವಾಗಲೂ ಚೆನ್ನಾಗಿರ್ತಿತ್ತು ಮೇವಿಸ್," ಎಂದ. ಇಡೀ ದಾಂಪತ್ಯದಲ್ಲಿ ಅಷ್ಟು ಉದ್ದದ ವಾಕ್ಯ ಅವನು ಈ ವಿಷಯದಲ್ಲಿ ಆಡಿದ್ದಿಲ್ಲ.

"ಡೋರೀನಳ ಕೇಕಿಗೂ ನೀನು ಹೀಗೇ ಅಂದಿದ್ದೆ. ಅದನ್ನ ನೀನು ಹೂವಿನ ಕುಂಡಕ್ಕೆ ಹಾಕಿದ್ದನ್ನ ನಾನು ನೋಡಿದ್ದೀನಿ."

"ಅದು ಬೇರೆ. ನಿನ್ನದು... ನಿನ್ನದು..." ಸಿರಿಲ್ ಬಾಯಿ ತೆರೆದು ಹುಡುಕಿದ. ಬೆಣ್ಣೆ ಮನೆ ಮಾಡುವ ತೂತುಗಳು ಅವನ ಕಣ್ಣ ಮುಂದೆ ಬಂದವು, ಬಿಳಿ ಸೊಂಟ ಬಂತು, ಬಿಡಿಸಿದಾಗ ಏಳುವ ಹಬೆ ಬಂತು. ಹೇಳಲು ಒಂದು ಪದ ಬರಲಿಲ್ಲ. ಪದಗಳನ್ನೆಲ್ಲ ಬೆಳಿಗ್ಗೆ ಊರವರು ಕಲ್ಲಿನ ಮೇಲೆ ಖರ್ಚು ಮಾಡಿದ್ದರು. ಉಳಿದದ್ದನ್ನು ಅವನು ಎಂದೂ ಕೂಡಿಟ್ಟಿರಲಿಲ್ಲ.

ಮೇವಿಸ್ ಅವನು ಹುಡುಕುವುದನ್ನು ಸ್ವಲ್ಪ ಹೊತ್ತು ನೋಡಿದಳು. ಗಲ್ಲ ಒಳಗೆಳೆದು, ಭುಜ ಇಳಿಬಿಟ್ಟು, ಅವನದೇ ದನಿಯಲ್ಲಿ ಅವನ ಪರವಾಗಿ ವಾಕ್ಯ ಮುಗಿಸಿಕೊಟ್ಟಳು.

"ಪರವಾಗಿಲ್ಲ."

ಅವನನ್ನು ಅವಳು ಅಣಕಿಸಿದ್ದು ಅದೇ ಮೊದಲು. ತುಂಬ ಚೆನ್ನಾಗಿ ಅಣಕಿಸಿದಳು.

ಕಾಲೊರೆಸಿಕೊಂಡು ಎದ್ದಳು. ಮೊಳೆಯಿಂದ ಕಾವಲಿ ತೆಗೆದು ಅವನ ಕುರ್ಚಿಯ ಪಕ್ಕ ಇಟ್ಟಳು. ಆಮೇಲೆ ತಟ್ಟೆಯಿಂದ ಒಂದು ಮಫಿನ್ ಎತ್ತಿಕೊಂಡು ಹಿತ್ತಲಿಗೆ ಹೋದಳು. ಹಕ್ಕಿಗಳಿಗೆ ಹಾಕುತ್ತಾಳೇನೋ ಎಂದು ಸಿರಿಲ್ ಕಿಟಕಿಯಲ್ಲಿ ನಿಂತು ನೋಡಿದ. ಅವನು ಮುಂಚೆಯೇ ಒಂದು ಹಾಕಿ ನೋಡಿದ್ದ. ಗುಬ್ಬಿಯೊಂದು ಬಂದು, ಕುಕ್ಕಿ, ಕೊಕ್ಕನ್ನು ಬೇಲಿಗೆ ಉಜ್ಜಿಕೊಂಡು ಹೋಗಿತ್ತು. ಸ್ಕಾರ್‌ಬಿಯಲ್ಲಿ ಅವತ್ತು ಅವನನ್ನು ಬಿಟ್ಟರೆ ನಿಜ ಹೇಳಿದ್ದು ಅದೊಂದೇ.

ಮೇವಿಸ್ ಬಟ್ಟೆ ಹಗ್ಗದ ದಾರಿಯಲ್ಲಿ ಹೊಸ ಟೋಪಿ ಸಮೇತ ಮೊಣಕಾಲೂರಿದಳು. ಅಲುಗುವ ಹಾಸುಗಲ್ಲಿನ ಅಂಚನ್ನು ಒಂದು ಕೈಯಲ್ಲಿ ಎತ್ತಿ, ಇನ್ನೊಂದು ಕೈಯಿಂದ ಮಫಿನ್ನನ್ನು ಅದರ ಕೆಳಗೆ ತುರುಕಿದಳು. ಎದ್ದು ನಿಂತು, ಕಲ್ಲಿನ ಮೇಲೆ ಎರಡೂ ಕಾಲಿಟ್ಟು, ಮೊದಲು ಎಡಕ್ಕೆ ವಾಲಿದಳು. ಆಮೇಲೆ ಬಲಕ್ಕೆ.

ಟಕ್ ಎನ್ನಲಿಲ್ಲ.

ಅವಳು ಕಿಟಕಿಯ ಕಡೆ ತಿರುಗಿದಳು. ಗಾಜಿನ ಈಚೆ ದನಿ ಕೇಳಿಸಲಿಲ್ಲ. ಆದರೆ ಅವನದೇ ಹಳೆಯ ಮಾತಿಗೆ ತುಟಿ ಆಡಿದ್ದು ಕಂಡಿತು. ಹಾಸುಗಲ್ಲುಗಳ ಇನ್ಸ್‌ಪೆಕ್ಟರ್ ಸಿರಿಲ್ ಮರ್ಗಟ್ರಾಯ್ಡನಿಗೆ ಅವಳೇನೆಂದಳೆಂದು ಗೊತ್ತಾಯಿತು. ಅದು ಮನಸಾರೆ ಅಂದದ್ದೋ, ಬರೀ ಮರ್ಯಾದೆಗೋ ಎನ್ನುವುದು ಮಾತ್ರ, ಆಮೇಲೆ ಅವಳು ಆ ಕಲ್ಲಿನ ಮೇಲೆ ಎಷ್ಟು ಸಲ ಬುಟ್ಟಿ ಹೊತ್ತು ಓಡಾಡಿದರೂ, ಅವನಿಗೆ ಎಂದೂ ತಿಳಿಯಲಿಲ್ಲ.